ಗಂಜೀಫಾ ಎಲೆಗಳೂ ಅವುಗಳ ಸಂರಕ್ಷಣೆಯೂ

ಕ್ರಿಕೆಟ್ ಆಟಗಾರರ ಚಿತ್ರವುಳ್ಳ ಕಾರ್ಡುಗಳನ್ನು ಬಾಲಕರು ಕೂಡಿಡುವುದನ್ನೂ ತಮ್ಮತಮ್ಮಲ್ಲಿ ವಿನಿಮಯ ಮಾಡಿಕೊಳ್ಳುವುದನ್ನೂ ಕಂಡು, ಇದೊಂದು ಹೊಸ ಗೀಳೆಂದು ಹಿರಿಯರು ಮೂಗು ಮುರಿಯುವುದುಂಟು. ಆದರೆ ಚಿತ್ರದ ಎಲೆಗಳನ್ನು ಬೆಲೆಯುಳ್ಳ ವಸ್ತುವೆಂದು ಕಾಪಾಡುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಇಂತಹ ಎಲೆಯಾಟಗಳ ವಿವರವಿದೆ. ಮೈಸೂರು ಗಂಜೀಫಾಕ್ಕೆ ಇಂದು ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ.

ದಶಾವತಾರ ಗಂಜೀಫಾದಲ್ಲಿ ಅವತಾರವೊಂದಕ್ಕೆ 12ರಂತೆ 120 ಎಲೆಗಳು. ಒಂದು ಕಳೆದರೂ ಕಟ್ಟು ಊನವಾಗುತ್ತದೆ, ಬೆಲೆಯೂ ಇಳಿಯುತ್ತದೆ. ಬಟ್ಟೆಯನ್ನೋ ಕಾಗದವನ್ನೋ ಪದರಪದರವಾಗಿ ಅಂಟಿನಿಂದ ಕೂಡಿಸಿ, ಬಣ್ಣ ಬರೆದು, ಅರಗಿನ ಲೇಪ ಕೊಡುವುದು ಹಳೆಯ ಕ್ರಮ. ಅಪಾಯವಿರುವುದೂ ಇಲ್ಲಿಯೇ. ಅಂಟು ಹುಳುಗಳಿಗೆ ಆಹಾರ. ಅರಗು ಸೆಕೆಗೆ ಮೆತ್ತಗಾಗುತ್ತದೆ. ಪದರಗಳು ತೇವವನ್ನು ಹೀರಿ ಡೊಂಕಾಗುತ್ತವೆ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಮನೆಯಲ್ಲಿದ್ದ ಕೆಲವು ಹಳೆಯ ಎಲೆಗಳನ್ನು ಭದ್ರವಾಗಿರಲೆಂದು ಹೊಳಪಿನ ಪ್ಲಾಸ್ಟಿಕ್ ಆಲ್ಬಮಿನಲ್ಲಿಟ್ಟು ಮರೆತೆ. ಎರಡು ಮಳೆಗಾಲ ಕಳೆದು ತೆರೆದಾಗ ಬಣ್ಣವೆಲ್ಲ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತ್ತು. ಮತ್ಸ್ಯಾವತಾರದ ಮುಖವೇ ಎದ್ದುಬಂದಿತು. ಅಗ್ಗದ ಪಿ.ವಿ.ಸಿ. ಹಾಳೆಗಳು ಕಾಲಕ್ರಮದಲ್ಲಿ ಆಮ್ಲವನ್ನೂ ಎಣ್ಣೆಯಂತಹ ಪದಾರ್ಥವನ್ನೂ ಹೊರಬಿಡುತ್ತವೆಂಬುದು ನನಗೆ ತಿಳಿದದ್ದು ಆ ಬಳಿಕ. ಮುದ್ರಿತ ಕ್ರಿಕೆಟ್ ಕಾರ್ಡುಗಳಿಗೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹೊದಿಕೆ ಒಳ್ಳೆಯದು. ಅರಗಿನ ಲೇಪವಿದ್ದ ಎಲೆಗಳಿಗೆ ಯಾವ ಪ್ಲಾಸ್ಟಿಕ್ಕೂ ಬೇಡ. ಆಮ್ಲರಹಿತ ಕಾಗದವನ್ನು ನಡುನಡುವೆ ಇಟ್ಟು, ಗಂಜಿ ಹೋಗುವಂತೆ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತುವುದೇ ಕ್ಷೇಮ. ತಾಳೆಗರಿಯ ಕಟ್ಟುಗಳನ್ನು ಮರದ ಹಲಗೆಗಳ ನಡುವೆ ಬಿಗಿದು ಬಟ್ಟೆಯಲ್ಲಿ ಸುತ್ತಿಟ್ಟ ನಮ್ಮ ಹಿರಿಯರಿಗೆ ಇದು ಗೊತ್ತಿದ್ದ ಸಂಗತಿಯೇ. ರಬ್ಬರ್ ಬ್ಯಾಂಡಂತೂ ಸರ್ವಥಾ ಕೂಡದು; ಅದು ಅಂಚನ್ನು ಕಚ್ಚುತ್ತದೆ, ಒಣಗಿದ ಮೇಲೆ ಕಲೆಯನ್ನು ಉಳಿಸುತ್ತದೆ. ಲ್ಯಾಮಿನೇಷನ್ ಮಾಡಿಸಿದ ಎಲೆಯನ್ನು ಮತ್ತೆ ಮೊದಲಿನಂತಾಗಿಸಲು ಬಾರದು.

ಬೆಂಗಳೂರಿನ ಹವೆ ಸೌಮ್ಯವೆಂದು ನಂಬಿ ಕೆಟ್ಟವರುಂಟು. ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವವೇ ಬೂಷ್ಟಿಗೆ ಸಾಕು. ಗಾಳಿಯ ಆರ್ದ್ರತೆ ನೂರಕ್ಕೆ 50ರ ಆಸುಪಾಸಿನಲ್ಲಿ ಏರಿಳಿತವಿಲ್ಲದೆ ಇರುವುದು ಉತ್ತಮ. ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸದೆ, ನೆಲದಿಂದ ಮೇಲೆ, ಒಳಕೋಣೆಯ ಬೀರುವಿನಲ್ಲಿಡಬೇಕು. ಅಟ್ಟ ಬೇಡ, ಬೇಸಿಗೆಯಲ್ಲಿ ಅದು ಕಾಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಡಬಹುದು, ಆದರೆ ತೇವ ಕುಡಿದ ಪೊಟ್ಟಣವನ್ನು ಬದಲಿಸದಿದ್ದರೆ ಪ್ರಯೋಜನವಿಲ್ಲ. ನುಸಿಗುಳಿಗೆ ಎಲೆಗಳಿಗೆ ತಾಗಬಾರದು. ಬಿಸಿಲು ತಾಗುವ ಗೋಡೆಯಲ್ಲಿ ಚೌಕಟ್ಟು ಹಾಕಿ ತೂಗಿಸಿದರೆ ಬಣ್ಣ ಮಾಸುವುದು ಖಂಡಿತ.

ಪ್ರತಿಯೊಂದು ಎಲೆಯ ಎರಡೂ ಮುಖಗಳ ಛಾಯಾಚಿತ್ರ ತೆಗೆದು, ಕ್ರಮಸಂಖ್ಯೆ, ಅಳತೆ, ದೊರೆತ ಬಗೆ, ಈಗಿರುವ ದೋಷ ಇವನ್ನು ಒಂದು ಪುಸ್ತಕದಲ್ಲಿ ಬರೆದು ಬೇರೆಡೆ ಇಡಬೇಕು. ಎಲೆಯ ಮೇಲೆ ಏನನ್ನೂ ಬರೆಯಬಾರದು. ವರ್ಷಕ್ಕೆರಡು ಬಾರಿ, ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಪಟ್ಟಿಯೊಡನೆ ಎಣಿಸಿ ನೋಡಬೇಕು. ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಆ ಎಲೆಯನ್ನು ಉಳಿದವುಗಳಿಂದ ಬೇರ್ಪಡಿಸಿ, ನೆರಳಿನಲ್ಲಿ ಗಾಳಿಗಿಟ್ಟು, ಸಂರಕ್ಷಣೆ ಬಲ್ಲವರಿಗೆ ತೋರಿಸಿರಿ.