ಜೇಡಿಮಣ್ಣಿನ ಪದರಗಳ ಮೇಲೆ ಉಪ್ಪಿನ ಪರಿಣಾಮ

ಜೇಡಿಮಣ್ಣಿನ ಕಣಗಳು ವಿದ್ಯುದಾವೇಶವುಳ್ಳ ಅತಿ ತೆಳುವಾದ ಪದರಗಳಿಂದ ರಚಿತವಾಗಿವೆ. ನೀರಿನಲ್ಲಿ ಕರಗಿದ ಉಪ್ಪು ಈ ಆವೇಶದ ಪ್ರಭಾವವನ್ನು ಕುಗ್ಗಿಸುವುದರಿಂದ ಕಣಗಳ ನಡುವಣ ವಿಕರ್ಷಣೆ ಕಡಿಮೆಯಾಗುತ್ತದೆ. ಅಳಿವೆಗಳಲ್ಲಿ ಕೆಸರು ತಂಗುವುದಕ್ಕೆ ಇದು ಒಂದು ಮುಖ್ಯ ಕಾರಣ. ಮಣ್ಣಿನಲ್ಲಿರುವ ಉಪ್ಪು ಹೆಂಚಿನ ಗುಣಮಟ್ಟವನ್ನೂ ಬಾಧಿಸುತ್ತದೆ.

ರಚನೆ

ಜೇಡಿಮಣ್ಣಿನ ಒಂದು ಪದರದ ದಪ್ಪ ಸುಮಾರು 1 ನ್ಯಾನೊಮೀಟರ್. ಪದರದಲ್ಲಿ ಸಿಲಿಕಾನ್ ಇರಬೇಕಾದ ಕೆಲವು ಸ್ಥಾನಗಳಲ್ಲಿ ಅಲ್ಯೂಮಿನಿಯಂ, ಅಲ್ಯೂಮಿನಿಯಂ ಇರಬೇಕಾದಲ್ಲಿ ಮೆಗ್ನೀಸಿಯಂ ಸೇರಿಕೊಂಡಾಗ ಪದರದ ಮುಖಕ್ಕೆ ಋಣ ಆವೇಶ ಬರುತ್ತದೆ. ಇದನ್ನು ಸರಿದೂಗಿಸಲು ಸೋಡಿಯಂ, ಕ್ಯಾಲ್ಸಿಯಂ ಮೊದಲಾದ ಧನ ಅಯಾನುಗಳು ಸುತ್ತಲೂ ನೆರೆಯುತ್ತವೆ.

ಉಪ್ಪಿನ ಪಾತ್ರ

ಸಿಹಿನೀರಿನಲ್ಲಿ ಈ ಅಯಾನುಗಳ ಮೋಡವು ಹಲವು ನ್ಯಾನೊಮೀಟರ್‌ಗಳವರೆಗೆ ಹರಡಿರುತ್ತದೆ. ಆದ್ದರಿಂದ ಕಣಗಳು ಪರಸ್ಪರ ವಿಕರ್ಷಿಸಿ ನೀರಿನಲ್ಲಿ ತೇಲುತ್ತವೆ. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ಸಮುದ್ರದ ನೀರಿನಲ್ಲಿ ಮೋಡದ ದಪ್ಪ ಅರ್ಧ ನ್ಯಾನೊಮೀಟರಿಗಿಂತಲೂ ಕಡಿಮೆಯಾಗುತ್ತದೆ. ಆಗ ಕಣಗಳು ಸಮೀಪಿಸಿ, ಗರಣೆಗಟ್ಟಿ, ತಳಕ್ಕಿಳಿಯುತ್ತವೆ. ಈ ಕ್ರಿಯೆಯಲ್ಲಿ ಸೋಡಿಯಂಗಿಂತ ಎರಡು ಆವೇಶಗಳುಳ್ಳ ಕ್ಯಾಲ್ಸಿಯಂ ಹೆಚ್ಚು ಪರಿಣಾಮಕಾರಿ.

ಜೆಪ್ಪು ಮತ್ತು ಹೆಂಚು

ಮಂಗಳೂರಿನ ಜೆಪ್ಪು ನೇತ್ರಾವತಿ ನದಿಯ ಉತ್ತರ ದಂಡೆಯಲ್ಲಿ, ಅಳಿವೆಗೆ ಸಮೀಪದಲ್ಲಿದೆ. ಮಳೆಗಾಲದಲ್ಲಿ ನದಿಯ ಸಿಹಿನೀರು ಸಮುದ್ರವನ್ನು ಹಿಂದಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ಹರಿವು ತಗ್ಗಿದಾಗ ಉಬ್ಬರದೊಂದಿಗೆ ಉಪ್ಪುನೀರು ಒಳನುಗ್ಗುತ್ತದೆ. ಇಲ್ಲಿ ದೊರೆಯುವ ಜೇಡಿಮಣ್ಣನ್ನು ಬಳಸಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹೆಂಚಿನ ತಯಾರಿಕೆ ಆರಂಭಿಸಿದರು. ಮೊದಲ ಮಹಾಯುದ್ಧದ ನಂತರ ಮಿಷನ್‌ನ ಉದ್ದಿಮೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ವಶಕ್ಕೆ ಬಂದವು.

ಮಣ್ಣಿನಲ್ಲಿ ಕರಗುವ ಲವಣಗಳು ಉಳಿದಿದ್ದರೆ, ಹಸಿ ಹೆಂಚು ಒಣಗುವಾಗ ಅವು ನೀರಿನೊಂದಿಗೆ ಮೇಲ್ಮೈಗೆ ಬಂದು ಬಿಳಿ ಕಲೆಗಳಾಗುತ್ತವೆ. ಸುಟ್ಟ ಹೆಂಚಿನ ರಂಧ್ರಗಳಲ್ಲಿ ಉಪ್ಪು ಹರಳುಗಟ್ಟಿದರೆ ಅದರ ಮೇಲ್ಮೈ ಚಕ್ಕೆಯೇಳುತ್ತದೆ.

ಪಾಲಿಮರ್ ಪೊರೆಗಳೊಂದಿಗೆ ಹೋಲಿಕೆ

ಧನ ಹಾಗೂ ಋಣ ಆವೇಶದ ಪಾಲಿಮರ್‌ಗಳನ್ನು ಒಂದರ ಮೇಲೊಂದರಂತೆ ಲೇಪಿಸಿ ತೆಳುಪೊರೆ ರಚಿಸುವ ವಿಧಾನವನ್ನು 1990ರ ದಶಕದ ಆರಂಭದಲ್ಲಿ ಗೆರೊ ಡೆಖರ್ ಮತ್ತು ಸಹೋದ್ಯೋಗಿಗಳು ರೂಪಿಸಿದರು. ಇಲ್ಲಿ ಪದರಗಳನ್ನು ಹಿಡಿದಿಡುವುದು ವಿರುದ್ಧ ಆವೇಶಗಳ ಆಕರ್ಷಣೆ. ಉಪ್ಪಿನ ಅಯಾನುಗಳು ಪಾಲಿಮರ್ ಸರಪಳಿಗಳ ಆವೇಶಗಳೊಂದಿಗೆ ಜೋಡಿಯಾದಾಗ ಸರಪಳಿಗಳ ನಡುವಣ ಬಂಧಗಳು ಸಡಿಲಗೊಳ್ಳುತ್ತವೆ. ಸರಪಳಿಗಳು ಚಲಿಸಿ ಪಕ್ಕದ ಪದರಗಳೊಂದಿಗೆ ಬೆರೆಯುತ್ತವೆ. ಉಪ್ಪು ಅತಿಯಾದರೆ ಕೆಲವು ಪೊರೆಗಳು ಕರಗಿಯೇ ಹೋಗುತ್ತವೆ. ಎರಡೂ ಕಡೆ ಉಪ್ಪು ಆವೇಶವನ್ನೇ ಮರೆಮಾಡುತ್ತದೆ. ಜೇಡಿಮಣ್ಣಿನಲ್ಲಿ ಕುಗ್ಗುವುದು ವಿಕರ್ಷಣೆಯಾದ್ದರಿಂದ ಕಣಗಳು ಒಂದುಗೂಡುತ್ತವೆ. ಪಾಲಿಮರ್ ಪೊರೆಯಲ್ಲಿ ಕುಗ್ಗುವುದು ಆಕರ್ಷಣೆಯಾದ್ದರಿಂದ ಪದರಗಳು ಸಡಿಲವಾಗುತ್ತವೆ.