ಓದುವ ಮಗಳಿಗೊಂದು ಮನೆ

ಬೇಸಗೆ ಮುಗಿಯುವ ಹೊತ್ತಿಗೆ ಬೈಂದೂರಿನಿಂದ ದಕ್ಷಿಣಕ್ಕೆ ಹೊರಡುವ ಬಸ್ಸುಗಳಲ್ಲಿ ಒಂದು ಬಗೆಯ ಪ್ರಯಾಣಿಕರು ಹೆಚ್ಚಾಗಿ ಕಾಣಸಿಗುತ್ತಾರೆ. ಪಕ್ಕದಲ್ಲಿ ಈಗತಾನೇ ಪಿ.ಯು.ಸಿ. ಮುಗಿಸಿದ ಮಗನೋ ಮಗಳೋ. ತೊಡೆಯ ಮೇಲೆ ಕಾಗದಪತ್ರಗಳ ದಪ್ಪ ಲಕೋಟೆ. ಆ ಲಕೋಟೆಯಲ್ಲಿ ಅಂಕಪಟ್ಟಿಯ ಜೊತೆಗೆ ಜಮೀನಿನ ಪಹಣಿಯೂ ಇದ್ದರೆ, ಆ ತಂದೆ ಕಾಲೇಜಿಗೆ ಮಾತ್ರವಲ್ಲ, ಬ್ಯಾಂಕಿಗೂ ಹೊರಟಿದ್ದಾನೆಂದು ತಿಳಿಯಬಹುದು.

ಬ್ರಹ್ಮಾವರದ ಹುಡುಗಿ ಮಣಿಪಾಲದ ಕಾಲೇಜಿಗೆ ದಿನವೂ ಹೋಗಿಬಂದಾಳು. ಕುಂದಾಪುರದವಳು ತುಸು ಕಷ್ಟಪಟ್ಟು ಹೋಗಿಬಂದಾಳು. ಬೈಂದೂರಿನವಳಿಗೆ ಅದು ಆಗದ ಮಾತು. ಬೆಂಗಳೂರಿನಲ್ಲಿ ಸೀಟು ಸಿಕ್ಕಿದವಳಿಗಂತೂ ಆ ಪ್ರಶ್ನೆಯೇ ಇಲ್ಲ. ಹಾಸ್ಟೆಲೋ, ಬಾಡಿಗೆಯ ಕೋಣೆಯೋ ಎಂಬ ಹಳೆಯ ಚರ್ಚೆಗೆ ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ. ಸಾಲ ಮಾಡಿ ಅಲ್ಲಿಯೇ ಒಂದು ಸಣ್ಣ ಮನೆ ಕೊಂಡರೆ ಹೇಗೆ? “ಬಾಡ್ಗಿ ಕೊಟ್ಟ್ ಕಳ್ಕಂಬುಕಿಂತ, ಕಂತ್ ಕಟ್ಟಿ ಒಂದ್ ಮನಿ ಮಾಡ್ಕಂಬುದೇ ಒಳ್ಳೇದಲ್ದಾ?” ಎಂದು ನೆಂಟರಲ್ಲೊಬ್ಬರು ಕೇಳಿಯೇ ಕೇಳುತ್ತಾರೆ. ಕೇಳುವವರಿಗೇನು, ಕಂತು ಕಟ್ಟುವವರು ಅವರಲ್ಲ!

ಓದಿಗಾಗಿ ಮನೆ ಬಿಡುವುದು ಈ ಕರಾವಳಿಗೆ ಹೊಸದಲ್ಲ. ಈಗ ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಹೈಸ್ಕೂಲು ಓದಿದ್ದು ಕುಂದಾಪುರದಲ್ಲಿ. ಹೊಳೆಗಳಿಗೆ ಸೇತುವೆಯಿಲ್ಲದ ಕಾಲದಲ್ಲಿ ಹತ್ತು ಮೈಲಿಯೂ ದೂರವೇ. ನೆಂಟರ ಮನೆಯ ಜಗಲಿ, ವಾರಾನ್ನದ ಊಟ, ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆ — ಹೀಗೆ ಓದಿದವರ ಸಂಖ್ಯೆ ಸಣ್ಣದಲ್ಲ. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು, 1963ರಲ್ಲಿ ಕುಂದಾಪುರದಲ್ಲಿ ಭಂಡಾರ್‌ಕಾರ್ಸ್ ಕಾಲೇಜು ಆರಂಭವಾದ ಮೇಲೆ ವಿದ್ಯೆಯೇ ಅಷ್ಟಿಷ್ಟು ಮನೆಯ ಕಡೆಗೆ ನಡೆದುಬಂದಿತು.

ಸಾಲ ಕೊಡುವವರಿಗೂ ಇಲ್ಲಿ ಬರವಿರಲಿಲ್ಲ. ಕಾರ್ಪೊರೇಷನ್ ಬ್ಯಾಂಕು ಉಡುಪಿಯಲ್ಲಿ ಹುಟ್ಟಿದ್ದು 1906ರಲ್ಲಿ. ಸಿಂಡಿಕೇಟ್ ಬ್ಯಾಂಕಾಗಿ ಬೆಳೆದ ಸಂಸ್ಥೆ ಅದೇ ಊರಿನಲ್ಲಿ ಹುಟ್ಟಿದ್ದು 1925ರಲ್ಲಿ. ಈ ಎರಡನೆಯದು 1928ರಿಂದ ಪಿಗ್ಮಿ ಠೇವಣಿಯೆಂದು ಮನೆಮನೆಯಿಂದ ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಕೂಡಿಹಾಕಿತು. 2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿಯೂ ಎರಡನೆಯದು ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದವು. ಫಲಕಗಳು ಬದಲಾದವು, ಒಳಗೆ ಕೇಳುವ ಪ್ರಶ್ನೆಗಳು ಬದಲಾಗಿಲ್ಲ.

ಮೊದಲ ಪ್ರಶ್ನೆ: ಮನೆ ಯಾರ ಹೆಸರಿಗೆ? ಮಗಳ ಹೆಸರಿಗೇ ಆಗಲಿ ಎಂಬುದು ತಾಯಿಯ ಆಸೆ. ಆದರೆ ಮಗಳಿಗೆ ಹದಿನೇಳು. 1872ರ ಕರಾರು ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರು ಮಾಡಿದ ಕರಾರು ನಿಲ್ಲದು. ಅಪ್ರಾಪ್ತರ ಹೆಸರಿನ ಆಸ್ತಿಯನ್ನು ತಂದೆಯೇ ಆದರೂ ನ್ಯಾಯಾಲಯದ ಅನುಮತಿಯಿಲ್ಲದೆ ಅಡವಿಡುವಂತಿಲ್ಲವೆಂದು 1956ರ ಹಿಂದೂ ಪಾಲಕತ್ವದ ಕಾಯಿದೆ ಹೇಳುತ್ತದೆ. ಹದಿನೆಂಟು ತುಂಬಿದ ಮೇಲಾದರೂ ಆದಾಯವಿಲ್ಲದ ವಿದ್ಯಾರ್ಥಿನಿಯನ್ನು ನಂಬಿ ಯಾವ ಬ್ಯಾಂಕೂ ಗೃಹಸಾಲ ಕೊಡದು. ಕೊನೆಗೆ ಸಾಲಗಾರ ತಂದೆಯೇ.

ಎರಡನೆಯ ಪ್ರಶ್ನೆ ಇನ್ನೂ ತೊಡಕಿನದು: ಆಧಾರಕ್ಕೆ ಏನಿದೆ? ಊರಿನ ಮನೆಯನ್ನೂ ತೋಟವನ್ನೂ ತೋರಿಸಲು ಹೋದವನಿಗೆ ತನ್ನ ಅಂಗಳದ ಚರಿತ್ರೆಯೆಲ್ಲ ಅಂದೇ ತಿಳಿಯುತ್ತದೆ. ಅಜ್ಜನ ಕಾಲದಿಂದ ಸೊಪ್ಪು ಕೊಯ್ದ ಗುಡ್ಡೆ ಕುಮ್ಕಿ, ವರ್ಗದ ಜಾಗದ ಸುತ್ತಲಿನ ನೂರು ಗಜದ ಆ ಅಂಚಿನ ಮೇಲೆ ಅನುಭೋಗದ ಸೌಲಭ್ಯವುಂಟು, ಒಡೆತನ ಸರಕಾರದ್ದು, ಅದನ್ನು ಅಡವಿಡಲಾಗದು. ಪೇಟೆಯ ಮನೆಯ ಅಡಿಸ್ಥಳ ಮೂಲಗೇಣಿಯದಾದರೆ ಮೂಲಿದಾರರ ಮಾತು ಬರುತ್ತದೆ. ಭೂಪರಿವರ್ತನೆಯಾಗದ ಗದ್ದೆಯಲ್ಲಿ ಮನೆ ಕಟ್ಟಿದ್ದರೆ ಪಂಚಾಯತಿಯ ‘ನೈನ್ ಇಲೆವೆನ್’ ಎಲ್ಲಿ ಎಂದು ಕೇಳುತ್ತಾರೆ. ಅಮೆರಿಕೆಯ ದುರಂತಕ್ಕೂ ಅದಕ್ಕೂ ಸಂಬಂಧವಿಲ್ಲ. ಅವು ನಮೂನೆ 9 ಮತ್ತು 11. ಆದರೂ ಅದಕ್ಕಾಗಿ ಅಲೆದವರ ಮುಖ ನೋಡಿದರೆ ಸಂಶಯ ಬರುತ್ತದೆ.

ಕೃಷಿಭೂಮಿಯನ್ನು ಕಂಡರೆ ಬ್ಯಾಂಕಿಗೆ ಅಳುಕಿರುವುದಕ್ಕೆ ಕಾರಣವುಂಟು. ಸಾಲ ಕೆಟ್ಟರೆ 60 ದಿನಗಳ ನೋಟೀಸು ಕೊಟ್ಟು, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಆಸ್ತಿಯನ್ನು ವಶಪಡಿಸಿಕೊಳ್ಳಲು 2002ರ ಸರ್ಫೇಸಿ ಕಾಯಿದೆ ಅಧಿಕಾರ ಕೊಟ್ಟಿದೆ. ಕೃಷಿಭೂಮಿಗೆ ಮಾತ್ರ ಅದು ಅನ್ವಯಿಸದು. 1974ರ ಭೂಸುಧಾರಣೆಯಿಂದ ಒಕ್ಕಲಿಗೆ ಬಂದ ಜಮೀನನ್ನು ಹದಿನೈದು ವರ್ಷ ಪರಭಾರೆ ಮಾಡಕೂಡದೆಂದು ಕಟ್ಟು ಮಾಡಿದ ಕಾನೂನು, ಮಕ್ಕಳ ಉನ್ನತ ವ್ಯಾಸಂಗದ ಸಾಲಕ್ಕಾಗಿ ಅದನ್ನು ಅಡವಿಡಲು ಒಂದು ಬಾಗಿಲನ್ನು ತೆರೆದಿಟ್ಟಿರುವುದು ಗಮನಿಸತಕ್ಕದ್ದು. ಗೇಣಿ ಹೊತ್ತವನ ಮಗ ಓದಲೆಂಬ ಆಶಯ ಅದರಲ್ಲಿದೆ. ಆದರೆ ಅದು ಓದಿನ ಸಾಲಕ್ಕೆ, ಮನೆಯ ಸಾಲಕ್ಕಲ್ಲ.

ಇನ್ನು ಲೆಕ್ಕ. ಬೈಂದೂರು ಕಡೆಯ ಒಬ್ಬ ಶಾಲಾ ಮಾಸ್ತರರನ್ನು ಭಾವಿಸಿಕೊಳ್ಳೋಣ. ವಯಸ್ಸು 52, ನಿವೃತ್ತಿಗೆ ಎಂಟು ವರ್ಷ. ಮಗಳಿಗೆ ಬೆಂಗಳೂರಿನಲ್ಲಿ ನಾಲ್ಕು ವರ್ಷದ ಇಂಜಿನಿಯರಿಂಗ್. ನೋಡಿದ ಮನೆಗೆ 50 ಲಕ್ಷ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದ ನಡುವಣ ಗೃಹಸಾಲ ಬೆಲೆಯ ಶೇ. 80ನ್ನು ಮೀರುವಂತಿಲ್ಲ. ಅಂದರೆ ಸಾಲ 40 ಲಕ್ಷ, ಕೈಯಿಂದ 10 ಲಕ್ಷ. ಮುದ್ರಾಂಕಕ್ಕೆ ಶೇ. 5, ನೋಂದಣಿಗೆ ಶೇ. 2, ಅದರ ಮೇಲೆ ಉಪಕರ. ಇವುಗಳಿಗೆ ಮತ್ತೆ ಮೂರೂವರೆ ಲಕ್ಷಕ್ಕೂ ಮೇಲೆ. ಇಷ್ಟು ಹಣ ಮನೆಯಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ರೂಪದಲ್ಲಿ, ಹೆಂಡತಿಯ ಕೊರಳಲ್ಲಿ.

ಬಡ್ಡಿ ಶೇ. 8.5 ಎಂದಿಟ್ಟುಕೊಂಡರೆ, ನಿವೃತ್ತಿಯೊಳಗೆ ತೀರಿಸಲು ತಿಂಗಳಿಗೆ 57,568 ರೂಪಾಯಿ ಬೇಕು. ಬ್ಯಾಂಕು ಪಿಂಚಣಿಯನ್ನು ನಂಬಿಯೋ, ಕಿರಿಯ ಜೊತೆಸಾಲಗಾರನೊಬ್ಬನನ್ನು ಸೇರಿಸಿಕೊಂಡೋ 20 ವರ್ಷದ ಅವಧಿ ಕೊಟ್ಟರೆ 34,713. ಇದನ್ನು ಕೇಳಿ ಮಾಸ್ತರರು ನಿಟ್ಟುಸಿರು ಬಿಟ್ಟಾರು. ಆದರೆ ನಿಜವಾಗಿ ನೋಡಬೇಕಾದುದು ಮುಂದಿನ ಅಂಕಿ. ಮಗಳ ಓದು ಮುಗಿಯುವಾಗ 48 ಕಂತುಗಳಲ್ಲಿ ಅವರು ಕಟ್ಟಿರುವುದು 16 ಲಕ್ಷ 66 ಸಾವಿರ. ಅಸಲಿನಲ್ಲಿ ತೀರಿರುವುದು 3 ಲಕ್ಷ 63 ಸಾವಿರ ಮಾತ್ರ. ಉಳಿದ 13 ಲಕ್ಷ ಬಡ್ಡಿ. ತಿಂಗಳಿಗೆ 12 ಸಾವಿರದ ಬಾಡಿಗೆ ಕೋಣೆಯಾಗಿದ್ದರೆ ನಾಲ್ಕು ವರ್ಷಕ್ಕೆ 5 ಲಕ್ಷ 76 ಸಾವಿರವಾಗುತ್ತಿತ್ತು. “ಬಾಡಿಗೆ ಕಳೆದುಹೋಗುತ್ತದೆ” ಎಂದ ನೆಂಟರು, ಬಡ್ಡಿ ಎಲ್ಲಿಗೆ ಹೋಗುತ್ತದೆಂದು ಹೇಳಿರಲಿಲ್ಲ.

ಮನೆಯ ಬೆಲೆ ಏರಿದರೆ ಲೆಕ್ಕ ತಲೆಕೆಳಗಾದೀತು, ನಿಜ. ಇಬ್ಬರು ಮೂವರು ಮಕ್ಕಳು ಒಬ್ಬರ ಹಿಂದೊಬ್ಬರು ಅದೇ ಊರಿನಲ್ಲಿ ಓದುವವರಿದ್ದರೆ, ಅಥವಾ ಬೆಂಗಳೂರಿನಲ್ಲಿ ಹೋಟೆಲು ನಡೆಸುವ ಚಿಕ್ಕಪ್ಪ ಅರ್ಧ ಹೊರುವವನಿದ್ದರೆ, ಕೊಳ್ಳುವುದೇ ಜಾಣತನವಾದೀತು. ಹಾಗೆ ಕೊಂಡು ಗೆದ್ದವರೂ ಈ ಸೀಮೆಯಲ್ಲಿದ್ದಾರೆ. ಆದರೆ ಗೃಹಸಾಲದ ಕಂತು ಓದು ಮುಗಿಯಲೆಂದು ಕಾಯದು. ಶಿಕ್ಷಣಸಾಲ ಕಾಯುತ್ತದೆ: ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ವ್ಯಾಸಂಗದ ಅವಧಿಯೂ ಅನಂತರದ ಒಂದು ವರ್ಷವೂ ಮರುಪಾವತಿಗೆ ಬಿಡುವು. 2015ರಲ್ಲಿ ಬಂದ ಖಾತರಿ ನಿಧಿಯ ಬಲದಿಂದ ಏಳೂವರೆ ಲಕ್ಷದವರೆಗೆ ಆಸ್ತಿಯ ಆಧಾರವಿಲ್ಲದೆಯೂ ಅದು ದೊರೆಯುತ್ತದೆ. ಹಾಸ್ಟೆಲಿನ ಖರ್ಚನ್ನೂ ಅದರಲ್ಲಿ ಸೇರಿಸಿಕೊಳ್ಳಬಹುದು.

ಈ ಲೆಕ್ಕವನ್ನೆಲ್ಲ ಮಾಸ್ತರರು ಅಂಕಪಟ್ಟಿಯ ಲಕೋಟೆಯ ಬೆನ್ನಿಗೆ ಬರೆದರೆಂದು ಎಣಿಸೋಣ. ಮಾತಿಲ್ಲದೆ ಕೇಳುತ್ತಿದ್ದ ಮಗಳು ಒಂದೇ ಪ್ರಶ್ನೆ ಕೇಳಬಹುದು: “ಅಪ್ಪಯ್ಯ, ನಾಲ್ಕು ವರ್ಷ ಆದ ಮೇಲೆ ನನಗೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸ ಸಿಕ್ಕಿದರೆ?” ಅದಕ್ಕೆ ಮಾಸ್ತರರಲ್ಲಿ ಅಂಕಿ ಇರಲಾರದು. ಅವರು ಲಕೋಟೆಯಿಂದ ಪಹಣಿಯನ್ನು ತೆಗೆದು ಮಡಚಿ ಕಪಾಟಿನಲ್ಲಿ ಇಡುತ್ತಾರೆ. ಮರುದಿನ ಬೆಳಗ್ಗಿನ ಬಸ್ಸಿಗೆ ಅಂಕಪಟ್ಟಿಯೊಂದನ್ನೇ ಹಿಡಿದು ತಂದೆ ಮಗಳಿಬ್ಬರೂ ಬ್ಯಾಂಕಿಗೆ ಹೊರಡುತ್ತಾರೆ.