ಹೊಸ ಮನೆಯ ಮೊದಲ ಚಳಿಗಾಲ ಮತ್ತು ಶಾಖ ಮರಳಿಸುವ ಗಾಳಿಯಂತ್ರ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಹೊಸದಾಗಿ ಕಟ್ಟಿದ ಮನೆಯು ಬೀಗದಕೈ ಕೈಸೇರುವ ದಿನ ಎಷ್ಟೇ ಒಣಗಿದಂತೆ ಕಂಡರೂ, ನೆಲಮಾಳಿಗೆಯ ಕಾಂಕ್ರೀಟು, ಗೋಡೆಯ ಚೌಕಟ್ಟಿನ ಮರ, ಜಿಪ್ಸಂ ಹಲಗೆಗಳ ಸಂದಿಗೆ ಮೆತ್ತಿದ ಲೇಪ, ಬಣ್ಣ ಇವೆಲ್ಲದರೊಳಗೆ ಕಟ್ಟುವಾಗ ಸೇರಿದ ನೀರು ಇನ್ನೂ ಉಳಿದಿರುತ್ತದೆ. ಸಿಮೆಂಟು ಗಟ್ಟಿಯಾಗುವಾಗ ತನ್ನ ತೂಕದ ಸುಮಾರು ಕಾಲು ಭಾಗದಷ್ಟು ನೀರನ್ನು ಮಾತ್ರ ರಾಸಾಯನಿಕವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಕಲಸಿದ ಕಾಂಕ್ರೀಟು ಸಲೀಸಾಗಿ ಹರಿದು ಅಚ್ಚನ್ನು ತುಂಬಬೇಕೆಂದು ಅದಕ್ಕಿಂತ ಬಹಳ ಹೆಚ್ಚು ನೀರು ಬೆರೆಸುವುದರಿಂದ, ಹೆಚ್ಚುವರಿಯ ದೊಡ್ಡ ಪಾಲು ತಿಂಗಳುಗಟ್ಟಲೆ ಆವಿಯಾಗಿ ಮನೆಯ ಗಾಳಿಗೆ ಸೇರುತ್ತಲೇ ಇರುತ್ತದೆ. ಒಣ ಮರವೆಂದು ಮುದ್ರೆ ಬಿದ್ದ ದಿಮ್ಮಿಯಲ್ಲೂ ಶೇ 19ರವರೆಗೆ ತೇವ ಇರಬಹುದೆಂದು ಮಾನದಂಡವೇ ಒಪ್ಪುತ್ತದೆ. ಹೀಗಾಗಿ ಇಂಥ ಮನೆಯ ಮೊದಲ ಚಳಿಗಾಲದ ನಿರ್ವಹಣೆಯೆಂದರೆ ಮುಖ್ಯವಾಗಿ ಮನೆಯನ್ನು ಒಣಗಿಸುವ ಕೆಲಸ. ಅಂಗಳದ ನಲ್ಲಿಗೆ ಒಳಗಿನಿಂದ ನೀರು ನಿಲ್ಲಿಸಿ ಕೊಳವೆ ಬರಿದು ಮಾಡುವುದು, ಮನೆ ಬೆಚ್ಚಗಿಡುವ ಫರ್ನೇಸಿನ ಶೋಧಕ ಬದಲಿಸುವುದು ಮುಂತಾದವು ಪ್ರತಿವರ್ಷವೂ ಇದ್ದದ್ದೇ.

ಈ ತೇವವು ಚಳಿಗಾಲದಲ್ಲಿಯೇ ಕಾಟ ಕೊಡುವುದಕ್ಕೆ ಕಾರಣ ಗಾಳಿಯ ಸ್ವಭಾವದಲ್ಲಿದೆ. 21 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಸುಮಾರು 18 ಗ್ರಾಂ ನೀರಾವಿಯನ್ನು ಹೊರಬಲ್ಲದಾದರೆ, ಮೈನಸ್ 20 ಡಿಗ್ರಿಯ ಗಾಳಿ ಹೊರಬಲ್ಲದ್ದು ಸುಮಾರು ಒಂದು ಗ್ರಾಂ ಮಾತ್ರ. ಗಾಳಿಯು ಆ ಉಷ್ಣತೆಯಲ್ಲಿ ಹೊರಬಲ್ಲ ಆವಿಯಲ್ಲಿ ಎಷ್ಟು ಪಾಲನ್ನು ಹೊತ್ತಿದೆ ಎಂಬ ಲೆಕ್ಕವೇ ಸಾಪೇಕ್ಷ ಆರ್ದ್ರತೆ. ತಣ್ಣಗಾಗುತ್ತ ಹೋದ ಗಾಳಿ ಇನ್ನು ಹೊರಲಾರದೆ ಆವಿಯನ್ನು ನೀರಾಗಿ ಬಿಟ್ಟುಕೊಡುವ ಉಷ್ಣತೆಯೇ ಇಬ್ಬನಿ ಬಿಂದು. ಕೋಣೆಯಲ್ಲಿ 21 ಡಿಗ್ರಿ ಉಷ್ಣತೆಯೂ ಶೇ 50ರಷ್ಟು ಆರ್ದ್ರತೆಯೂ ಇದ್ದರೆ ಇಬ್ಬನಿ ಬಿಂದು ಸುಮಾರು 10 ಡಿಗ್ರಿ, ಆರ್ದ್ರತೆ ಶೇ 30ಕ್ಕೆ ಇಳಿದರೆ ಸುಮಾರು 3 ಡಿಗ್ರಿ. ಕಿಟಕಿಯ ಗಾಜಿನ ಕೆಳ ಅಂಚು ಇದಕ್ಕಿಂತ ತಣ್ಣಗಿದ್ದರೆ ಮೊದಲು ಅಲ್ಲಿ ಮಂಜು ಕವಿಯುತ್ತದೆ, ಆಮೇಲೆ ಹನಿ ಇಳಿದು ಚೌಕಟ್ಟಿನ ಮೂಲೆಯಲ್ಲಿ ನಿಲ್ಲುತ್ತದೆ, ಕೆಲವು ವಾರಗಳಲ್ಲಿ ಅಲ್ಲಿ ಕಪ್ಪು ಬೂಷ್ಟು ಕಾಣಿಸಿಕೊಳ್ಳುತ್ತದೆ.

ಹಳೆಯ ಮನೆಗಳಲ್ಲಿ ಈ ಆವಿ ಬಿರುಕು ಸಂದುಗಳ ಮೂಲಕ ತಾನಾಗಿ ಹೊರಹೋಗುತ್ತಿತ್ತು, ಅದರೊಂದಿಗೆ ಮನೆಯ ಶಾಖವೂ ಹೋಗುತ್ತಿತ್ತು. 1977ರಲ್ಲಿ ಸಸ್ಕ್ಯಾಚವಾನ್ ಪ್ರಾಂತ್ಯದ ರಿಜೈನಾ ನಗರದಲ್ಲಿ ಹೆರಾಲ್ಡ್ ಆರ್ ಮತ್ತು ಅವರ ಸಹೋದ್ಯೋಗಿಗಳು ಸಂದುಗಳನ್ನು ಆದಷ್ಟೂ ಮುಚ್ಚಿದ, ದಪ್ಪ ಶಾಖನಿರೋಧಕವುಳ್ಳ ಪ್ರಾಯೋಗಿಕ ಮನೆಯನ್ನು ರೂಪಿಸಿದಾಗ, ಒಳಗಿನವರು ಉಸಿರಾಡುವುದಕ್ಕೆ ಗಾಳಿಯನ್ನು ತರುವ ಬಗೆಯನ್ನೂ ಹುಡುಕಬೇಕಾಯಿತು. ಅದಕ್ಕೆ ಅಳವಡಿಸಿದ ಶಾಖ ವಿನಿಮಯದ ಪೆಟ್ಟಿಗೆಯ ವಂಶದ್ದೇ ಇಂದಿನ ಕೆನಡಾದ ಹೊಸ ಮನೆಗಳ ನೆಲಮಾಳಿಗೆಯಲ್ಲಿ ತೂಗುವ ಎಚ್‌ಆರ್‌ವಿ, ಅಂದರೆ ಶಾಖ ಮರಳಿಸುವ ಗಾಳಿಯಂತ್ರ.

ಯಂತ್ರದ ತಿರುಳು ಪುಸ್ತಕದ ಹಾಳೆಗಳಂತೆ ಒತ್ತಾಗಿ ಜೋಡಿಸಿದ ತೆಳು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ತಗಡುಗಳ ಒಂದು ಗಟ್ಟಿ. ಒಂದು ಸಂದಿನಲ್ಲಿ ಅಡುಗೆಮನೆ, ಬಚ್ಚಲುಗಳಿಂದ ಹೀರಿದ ಬೆಚ್ಚನೆಯ ತೇವಗಾಳಿ ಹೊರಗೆ ಸಾಗಿದರೆ, ಅದರ ಪಕ್ಕದ ಸಂದಿನಲ್ಲಿ ಹೊರಗಿನ ತಂಪುಗಾಳಿ ಒಳಗೆ ಬರುತ್ತದೆ. ಎರಡೂ ಎಲ್ಲಿಯೂ ಬೆರೆಯುವುದಿಲ್ಲ, ತಗಡನ್ನು ದಾಟಿ ಹೋಗುವುದು ಶಾಖ ಮಾತ್ರ. ಹೊರಗೆ ಮೈನಸ್ 20, ಒಳಗೆ 21 ಡಿಗ್ರಿ ಇದ್ದು ಯಂತ್ರದ ದಕ್ಷತೆ ಶೇ 70 ಎಂದುಕೊಂಡರೆ, ಒಳಬರುವ ಗಾಳಿ ಸುಮಾರು 9 ಡಿಗ್ರಿಯವರೆಗೆ ಬಿಸಿಯಾಗಿರುತ್ತದೆ, ಉಳಿದದ್ದನ್ನಷ್ಟೇ ಫರ್ನೇಸು ತುಂಬಬೇಕು. ಆ ಗಾಳಿ ತನ್ನ ಜೊತೆ ತಂದ ಆವಿ ಅತ್ಯಲ್ಪವಾದ್ದರಿಂದ ಕೋಣೆಯ ಉಷ್ಣತೆಗೆ ಏರಿದಾಗ ಬಹಳ ಒಣಗಿದ್ದು, ಗೋಡೆ ನೆಲಗಳ ತೇವವನ್ನು ಹೀರಿಕೊಂಡು ಮತ್ತೆ ಹೊರಗೆ ಹೋಗುತ್ತದೆ.

ಹೊರಹೋಗುವ ಗಾಳಿ ತಿರುಳಿನೊಳಗೇ ಇಬ್ಬನಿ ಬಿಂದುವಿಗೆ ಇಳಿಯುವುದರಿಂದ ಅಲ್ಲಿ ನೀರು ಹನಿಯುತ್ತದೆ, ಚಳಿ ಹೆಚ್ಚಾದರೆ ಅದೇ ಹಿಮವಾಗಿ ಸಂದುಗಳನ್ನು ಕಟ್ಟುತ್ತದೆ. ಆದ್ದರಿಂದ ಯಂತ್ರವು ಆಗಾಗ ಹೊರಗಿನ ಗಾಳಿಯ ಕದವನ್ನು ಮುಚ್ಚಿ, ಮನೆಯ ಬೆಚ್ಚನೆಯ ಗಾಳಿಯನ್ನೇ ತಿರುಳಿನ ಮೂಲಕ ಸುತ್ತಿಸಿ ಹಿಮವನ್ನು ಕರಗಿಸಿಕೊಳ್ಳುತ್ತದೆ. ಆ ನಿಮಿಷಗಳಲ್ಲಿ ಸದ್ದು ಬದಲಾಗುವುದನ್ನು ಕೇಳಿ ಯಂತ್ರ ಕೆಟ್ಟಿತೆಂದು ಅಂಜುವವರೂ, ತಣ್ಣನೆಯ ಗಾಳಿ ತರುತ್ತದೆಂಬ ಸಿಟ್ಟಿನಿಂದ ಅದನ್ನು ಆರಿಸಿಬಿಡುವವರೂ ಇದ್ದಾರೆ. ಎರಡನೆಯದು ಮೊದಲ ಚಳಿಗಾಲದಲ್ಲಿ ಮಾಡಬಹುದಾದ ದುಬಾರಿ ಉಳಿತಾಯ. ಬ್ರ್ಯಾಂಪ್ಟನ್, ಮಿಲ್ಟನ್‌ಗಳ ಹೊಸ ಬಡಾವಣೆಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಅಡುಗೆಮನೆಯಲ್ಲಿ ಬೆಳಗ್ಗೆ ಇಡ್ಲಿಪಾತ್ರೆ, ಸಂಜೆ ಸಾರು ಕುದಿಯುವಾಗ ಏಳುವ ಹಬೆಯೂ ಇದೇ ಲೆಕ್ಕಕ್ಕೆ ಸೇರುವುದರಿಂದ ಒಲೆಯ ಮೇಲಿನ ಫ್ಯಾನನ್ನೂ ಮರೆಯುವಂತಿಲ್ಲ.

ಯಂತ್ರವು ಬೇಡುವ ಆರೈಕೆ ಅಲ್ಪ. ಎರಡು ಮೂರು ತಿಂಗಳಿಗೊಮ್ಮೆ ಶೋಧಕಗಳನ್ನು ತೆಗೆದು ಧೂಳು ಹೀರಿಸಿ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆಯಬೇಕು. ಹನಿನೀರು ಇಳಿಯುವ ಸಪೂರ ಕೊಳವೆಯ ಬಾಗಿನಲ್ಲಿ ನೀರು ನಿಂತಿದೆಯೇ ಎಂದು ನೋಡಬೇಕು, ಏಕೆಂದರೆ ಆ ನೀರಿನ ತಡೆ ಇಲ್ಲದಿದ್ದರೆ ಯಂತ್ರ ಅಲ್ಲಿಂದಲೂ ಗಾಳಿಯನ್ನೆಳೆಯುತ್ತದೆ. ಹೊರಗೋಡೆಯಲ್ಲಿ ಗಾಳಿ ಒಳಬರುವ ಬಾಯಿಯ ಜಾಲರಿಗೆ ಹಿಮ ಮೆತ್ತಿಕೊಂಡರೆ ಬರುವ ಗಾಳಿ ಕಡಿಮೆಯಾಗಿ ಹೋಗುವ ಗಾಳಿ ಹೆಚ್ಚಾಗುತ್ತದೆ, ಆಗ ಮನೆ ಮತ್ತೆ ಸಂದುಗಳಿಂದ ಚಳಿಯನ್ನು ಎಳೆಯತೊಡಗುತ್ತದೆ. ಹಿಮಪಾತದ ಮರುದಿನ ಅಂಗಳದ ಹಿಮ ತೋಡುವವರು ಆ ಬಾಯನ್ನೂ ಪೊರಕೆಯಿಂದ ಗುಡಿಸಿದರೆ ಸಾಕು.

ಒಣಗುವಾಗ ಮರ ಉದ್ದಕ್ಕೆ ಅಷ್ಟಾಗಿ ಕುಗ್ಗದೆ ಅಡ್ಡಕ್ಕೆ ಕುಗ್ಗುವುದರಿಂದ ಮೊಳೆಯ ತಲೆಗಳು ಜಿಪ್ಸಂ ಹಲಗೆಯಿಂದ ಹೊರಕ್ಕೆ ಚಿಮ್ಮುವುದು, ಮೂಲೆಗಳಲ್ಲಿ ಕೂದಲೆಳೆಯ ಬಿರುಕು ಬೀಳುವುದು ಸಹಜ. ಮನೆ ಪೂರ್ತಿ ಒಣಗುವ ಮುನ್ನವೇ ಅವನ್ನು ಮುಚ್ಚಿ ಬಣ್ಣ ಬಳಿದರೆ ಮತ್ತೆ ಬಿರಿಯುತ್ತವೆ. ಒಂಟಾರಿಯೊದ ಹೊಸ ಮನೆಗಳ ಖಾತರಿ ಕಾಯ್ದೆಯು ಒಣಗುವಾಗಿನ ಸಹಜ ಕುಗ್ಗುವಿಕೆಯನ್ನೂ, ಮಾಲೀಕರು ಸಾಕಷ್ಟು ಗಾಳಿಯಾಡಿಸದೆ ಬಂದ ತೇವದ ಹಾನಿಯನ್ನೂ ಖಾತರಿಯಿಂದ ಹೊರಗಿಟ್ಟಿದೆ, ಹೀಗಾಗಿ ಆರಿಸಿಟ್ಟ ಯಂತ್ರದ ವೆಚ್ಚ ಮಾಲೀಕರ ತಲೆಗೇ ಬರುತ್ತದೆ.

ಎರಡನೆಯ ಚಳಿಗಾಲದ ಹೊತ್ತಿಗೆ ಕಾಂಕ್ರೀಟಿನ ಹೆಚ್ಚುವರಿ ನೀರು ಬಹಳಮಟ್ಟಿಗೆ ಹೋಗಿರುವುದರಿಂದ ಪರಿಸ್ಥಿತಿ ತಿರುವುಮುರುವಾಗಬಹುದು: ಚರ್ಮ ಬಿರಿದು ತುಟಿ ಒಡೆಯುವಷ್ಟು ಮನೆ ಒಣಗಿದರೆ ಯಂತ್ರದ ವೇಗವನ್ನು ತಗ್ಗಿಸಬೇಕಾಗುತ್ತದೆ, ಮೊದಲ ವರ್ಷ ಮುಟ್ಟದೆ ಬಿಟ್ಟಿದ್ದ ಫರ್ನೇಸಿನ ತೇವಕಾರಕವನ್ನೂ ಆಗ ಚಾಲೂ ಮಾಡಬಹುದು.